ಹಳೆಯ ಚೆಕ್ ಕುಟುಂಬಚಿತ್ರಗಳಲ್ಲಿ ಪುಟ್ಟ ಗಂಡುಮಕ್ಕಳೂ ಫ್ರಾಕ್ ತೊಟ್ಟಿರುವುದೇಕೆ?

ಮುಖ್ಯ ಕಾರಣ ಅನುಕೂಲ. 20ನೇ ಶತಮಾನದ ಆರಂಭದಲ್ಲಿ, ಆಸ್ಟ್ರಿಯಾ-ಹಂಗೆರಿಯ ಆಳ್ವಿಕೆಯಲ್ಲಿದ್ದ ಬೊಹೀಮಿಯಾ ಮತ್ತು ಮೊರಾವಿಯಾದ ಚೆಕ್ ಕುಟುಂಬಗಳಲ್ಲಿ, ಯುರೋಪಿನ ಇತರೆಡೆಗಳಂತೆಯೇ, ಗಂಡು-ಹೆಣ್ಣೆಂಬ ಭೇದವಿಲ್ಲದೆ ಪುಟ್ಟ ಮಕ್ಕಳಿಗೆಲ್ಲ ಫ್ರಾಕ್ ತೊಡಿಸುವ ರೂಢಿ ಇನ್ನೂ ಉಳಿದಿತ್ತು. ಮಲಮೂತ್ರದ ಹಿಡಿತ ಬಾರದ ಮಗುವಿಗೆ ಗುಂಡಿ ಹಾಕುವ ಚಡ್ಡಿಗಿಂತ ಕೆಳಗೆ ತೆರೆದಿರುವ ಉಡುಪೇ ಸಲೀಸು. ಮಗು ಬೆಳೆದಂತೆ ಅಂಚಿನ ಮಡಿಕೆ ಬಿಚ್ಚಿ ಉದ್ದ ಮಾಡಿದರೆ ಅದೇ ಬಟ್ಟೆ ಇನ್ನಷ್ಟು ಕಾಲ ಬಾಳುತ್ತಿತ್ತು, ಅನಂತರ ತಮ್ಮನಿಗೋ ತಂಗಿಗೋ ಸಲ್ಲುತ್ತಿತ್ತು. ಮೇಲೊಂದು ಏಪ್ರನ್ ಕಟ್ಟುತ್ತಿದ್ದುದನ್ನೂ ಗಮನಿಸಬೇಕು, ಏಕೆಂದರೆ ತಾಯಂದಿರ ದುಡಿಮೆಯ ಭಾರ ತಿಳಿಯುವುದು ಅಲ್ಲಿಯೇ: ನೀರು ಕಾಯಿಸಿ ಕೈಯಿಂದಲೇ ಉಜ್ಜಿ ಒಗೆಯಬೇಕಿದ್ದ ಆ ಕಾಲದಲ್ಲಿ, ಕೊಳೆಯಾದ ಏಪ್ರನ್ ಒಂದನ್ನೇ ಬಿಚ್ಚಿ ಒಗೆದರೆ ಒಳಗಿನ ಉಡುಪು ಮತ್ತೆ ಕೆಲವು ದಿನ ನಡೆಯುತ್ತಿತ್ತು.