ಇ.ಸಿ.ಆರ್. ಪಾಸ್‌ಪೋರ್ಟ್ ಇರುವವರು ವಿಸಿಟ್ ವೀಸಾದಲ್ಲಿ ದುಬೈಗೆ ಕೆಲಸಕ್ಕೆ ಹೋಗಬಹುದೇ?

ನಿಮ್ಮ ತಮ್ಮ ಎಂಟನೇ ತರಗತಿಯವರೆಗೆ ಓದಿ ಸೆಂಟ್ರಿಂಗ್ ಕೆಲಸ ಕಲಿತಿದ್ದಾರೆಂದೂ, ಮುಂಬೈಯ ಏಜೆಂಟರೊಬ್ಬರು ಒಂದೂಕಾಲು ಲಕ್ಷ ರೂಪಾಯಿ ತೆಗೆದುಕೊಂಡು ವಿಸಿಟ್ ವೀಸಾದಲ್ಲಿ ದುಬೈಗೆ ಕಳುಹಿಸಿ, ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾ ಮಾಡಿಸುತ್ತೇನೆ ಎನ್ನುತ್ತಿದ್ದಾರೆಂದೂ ಬರೆದಿದ್ದೀರಿ. ದಯವಿಟ್ಟು ಕಳುಹಿಸಬೇಡಿ. ನಾನು ಇಪ್ಪತ್ತು ವರ್ಷಗಳಿಂದ ಮುಂಬೈಯ ಘಾಟ್ಕೋಪರ್‌ನಲ್ಲಿದ್ದೇನೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಇಲ್ಲಿಗೆ ಬಂದು ಕೊಲ್ಲಿ ದೇಶಗಳಿಗೆ ಹೊರಡುವ ಹುಡುಗರ ಕಾಗದಪತ್ರ ಓದಿ ಹೇಳುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್., ಅಂದರೆ ‘ವಲಸೆ ತಪಾಸಣೆ ಅಗತ್ಯ’ ಎಂಬ ವರ್ಗಕ್ಕೆ ಸೇರುತ್ತದೆ. ಅಂಥವರು ಯು.ಎ.ಇ., ಸೌದಿ, ಕುವೈತ್, ಕತಾರ್ ಮೊದಲಾದ 18 ದೇಶಗಳಿಗೆ ದುಡಿಯಲು ಹೋಗುವುದಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಏಜೆಂಟರು ಇದನ್ನು ‘ತಲೆನೋವು’ ಎಂದು ಹೇಳಿ ನಂಬಿಸುತ್ತಾರೆ. ಆದರೆ ಸಂಬಳ, ಕೆಲಸ, ವಸತಿ ಬರೆದಿರುವ ಕರಾರುಪತ್ರವು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾಗುವುದು ಈ ಅನುಮತಿಯ ಹಂತದಲ್ಲಿಯೇ. ಹತ್ತು ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮಾ ಯೋಜನೆಯೂ ಆಗಲೇ ಕಡ್ಡಾಯವಾಗಿ ಆಗುತ್ತದೆ. ಅದರ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಮಾತ್ರ. ಊರು ನೋಡಲು ಹೋಗುವವನಿಗೆ ಈ ಅನುಮತಿ ಬೇಕಾಗಿಲ್ಲ. ಆ ಸಂದಿಯಲ್ಲಿಯೇ ನಿಮ್ಮ ತಮ್ಮನನ್ನು ನುಸುಳಿಸಲು ನೋಡುತ್ತಿದ್ದಾರೆ.

2017ರಲ್ಲಿ ನನ್ನ ಚಿಕ್ಕಪ್ಪನ ಮಗ ಇದೇ ರೀತಿ ಶಾರ್ಜಾಕ್ಕೆ ಹೋದ. ಅವನಿಗೆ ಸಿಕ್ಕ ‘ರಸೀದಿ’ ಇನ್ನೂ ನನ್ನ ಬಳಿ ಇದೆ: ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಅರ್ಧ ಹಾಳೆ, ಅದರ ಮೇಲೆ ನೀಲಿ ಶಾಯಿಯಲ್ಲಿ ಬರೀ ಒಂದು ಮೊತ್ತ, ಹೆಸರಿಲ್ಲ, ಸಹಿಯಿಲ್ಲ, ತಾರೀಖಿಲ್ಲ. ವೀಸಾ ಮುಗಿದ ಮೇಲೂ ಕಬ್ಬಿಣ ಕಟ್ಟುವ ಕೆಲಸ ಮಾಡಿಸಿದರು, ಪಾಸ್‌ಪೋರ್ಟ್ ಮುಕಾದಮನ ಕೈಯಲ್ಲಿತ್ತು, ಮೂರು ತಿಂಗಳ ಸಂಬಳ ಬರಲಿಲ್ಲ. ಕಾರ್ಮಿಕನ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಲ್ಲಿಯ ಕಾನೂನಿನಲ್ಲಿಯೂ ತಪ್ಪು. ಸಂಬಳವನ್ನು ಬ್ಯಾಂಕಿನ ಮೂಲಕ ಕೊಡಿಸುವ ವ್ಯವಸ್ಥೆ 2009ರಿಂದಲೂ ಇದೆ. ಆದರೆ ದಾಖಲೆಯಲ್ಲಿ ಅವನು ಕಾರ್ಮಿಕನೇ ಅಲ್ಲ, ಅವಧಿ ಮೀರಿ ಉಳಿದ ಪ್ರವಾಸಿ. ದೂರು ಕೊಡಲು ಹೋದರೆ ಮೊದಲು ತಾನೇ ಸಿಕ್ಕಿಬೀಳುತ್ತೇನೆಂಬ ಭಯದಲ್ಲಿ ಬಾಯಿ ಮುಚ್ಚಿಕೊಂಡಿದ್ದ. 2018ರ ಆಗಸ್ಟ್‌ನಲ್ಲಿ ಯು.ಎ.ಇ. ಸರ್ಕಾರ ಕ್ಷಮಾದಾನ ಯೋಜನೆ ಆರಂಭಿಸಿದ ಮೇಲೆಯೇ ಊರು ಕಂಡದ್ದು. ಚಿಕ್ಕಮ್ಮ ಅಡವಿಟ್ಟ ಬಂಗಾರ ಮಾತ್ರ ತಿರುಗಿ ಬರಲಿಲ್ಲ.

ನಿಮ್ಮ ತಮ್ಮನಿಗೆ ಹೊರದೇಶದಲ್ಲಿ ದುಡಿಯುವ ಹಕ್ಕಿಲ್ಲವೆಂದು ನಾನು ಹೇಳುತ್ತಿಲ್ಲ. ಕೈಕೆಲಸ ಬಲ್ಲವರು ಹೋಗಲಿ, ದುಡಿಯಲಿ; ಆದರೆ ಅಲ್ಲಿ ಮೋಸವಾದರೆ ಕೇಳುವ ಹಕ್ಕನ್ನು ಇಲ್ಲಿಯೇ ಬಿಟ್ಟು ಹೋಗಬಾರದು. ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ಅದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ, ಪರವಾನಗಿ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.; ಅದಕ್ಕೆ ರಸೀದಿ ಕೊಡಲೇಬೇಕು. ನಿಮ್ಮಿಂದ ಕೇಳಿರುವುದು ಇದರ ಮೂರು ಪಟ್ಟಿಗೂ ಹೆಚ್ಚು. ಯು.ಎ.ಇ.ಯ 2021ರ ಕಾರ್ಮಿಕ ಕಾನೂನಂತೂ ನೇಮಕಾತಿಯ ಖರ್ಚನ್ನು ಕಾರ್ಮಿಕನ ಮೇಲೆ ಹೇರುವುದನ್ನೇ ನಿಷೇಧಿಸುತ್ತದೆ. ಇನ್ನೂ ಅನುಮಾನವಿದ್ದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ವಿದೇಶ ಭವನದಲ್ಲಿರುವ ಸಂರಕ್ಷಣಾಧಿಕಾರಿಯ ಕಚೇರಿಯಲ್ಲಿ ನೇರವಾಗಿ ವಿಚಾರಿಸಿ.

ತಮ್ಮನ ಪಾಸ್‌ಪೋರ್ಟ್ ಈಗಾಗಲೇ ಏಜೆಂಟರ ಕೈಯಲ್ಲಿದ್ದರೆ ಬೇರೆ ಮಾತು ಆಡುವ ಮೊದಲು ಅದನ್ನು ಹಿಂದಕ್ಕೆ ಪಡೆಯಿರಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ತಿಳಿಸಿ, ಭಾನುವಾರ ನಾನೂ ಜೊತೆಗೆ ಬರುತ್ತೇನೆ.