ತೊಗರಿ ಮಾರಿದ ರೊಕ್ಕ ಮಗನ ಪೋಕರ್‌ಗೆ ಕೊಡಲೇ?

ಪ್ರಶ್ನೆ: ಮಗ 24 ವರ್ಷದವ. ಬಿಇ ಮುಗಿಸಿ ಬೆಂಗಳೂರಿನ್ಯಾಗ ಒಂದು ವರ್ಷ ಕೆಲಸ ಮಾಡಿ ಬಿಟ್ಟು ಬಂದಾನ್ರಿ. ‘ಪೋಕರ್ ಆಡೋದೇ ನನ್ನ ಕಸುಬು, ಅದು ಜೂಜಲ್ಲ, ಬುದ್ಧಿ ಆಟ. ಗೋವಾಕ್ಕ ಹೋಗ್ತೀನಿ, ಎರಡು ವರ್ಷ ಟೈಂ ಕೊಡು, ತೊಗರಿ ರೊಕ್ಕದಾಗ ಮೂರು ಲಕ್ಷ ಕೊಡು’ ಅಂತಾನ. ಅವರಪ್ಪಗ ಇನ್ನಾ ಹೇಳಿಲ್ಲ. ಬ್ಯಾಡ ಅಂದ್ರ ಮನಿ ಬಿಟ್ಟು ಹೋಗ್ತಾನೇನೋ ಅಂತ ಅಂಜಿಕಿ.
– ಒಬ್ಬ ತಾಯಿ, ಆಳಂದ ತಾಲ್ಲೂಕು

ಉತ್ತರ: ತಾಯೀ, ಮೂರು ಲಕ್ಷ ಕೊಡಬೇಡಿ. ಊಟ, ಮಲಗಲು ಜಾಗ, ದಿನದ ಮಾತುಕತೆ ಮಾತ್ರ ನಿಲ್ಲಿಸಬೇಡಿ. ಅವನ ಅಪ್ಪನಿಗೆ ಈ ವಾರವೇ ಹೇಳಿ. ಇಬ್ಬರದೂ ಒಂದೇ ಮಾತಾಗದಿದ್ದರೆ ಮುಂದೆ ಹೇಳುವ ಯಾವುದೂ ನಡೆಯುವುದಿಲ್ಲ.

ಪೋಕರ್ ಎಂಬ ಇಸ್ಪೀಟಿನ ಆಟದಲ್ಲಿ ಕೌಶಲ ಇದೆ ಎನ್ನುವುದು ಸುಳ್ಳಲ್ಲ, ಮಟ್ಕಾದ ಹಾಗೆ ಬರೀ ನಂಬರಿನ ಮೇಲೆ ನಿಂತದ್ದಲ್ಲ. ಆದರೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದೇ ಇರಲಿ, ಅದೃಷ್ಟದ್ದೇ ಇರಲಿ, ಎಲ್ಲವನ್ನೂ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಆಡಿದವರಿಗೆ ಶಿಕ್ಷೆಯಿಲ್ಲ, ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ. ವಿದೇಶಿ ಸೈಟಿನಲ್ಲಿ ಆಡುತ್ತೇನೆ ಎಂದರೆ, ಅಲ್ಲಿ ಸಿಕ್ಕಿಬಿದ್ದ ಹಣಕ್ಕೆ ಕೇಳುವವರಿಲ್ಲ. ಉಳಿಯುವುದು ಗೋವಾದ ಪರವಾನಗಿ ಇರುವ ಕ್ಯಾಸಿನೊ.

ಅಲ್ಲಿನ ಲೆಕ್ಕವನ್ನು ಅವನ ಜೊತೆ ಕೂತು ಹಾಕಿ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟುವ ಹಣ, 50–100 ರೂ. ಇರುವ ಟೇಬಲ್‌ಗೆ ಒಂದು ಬೈ-ಇನ್ (ಆಟಕ್ಕೆ ಕೂರಲು ತರುವ ಹಣ) ಸಾಮಾನ್ಯವಾಗಿ 10,000 ರೂ. ಬರೀ ದುರದೃಷ್ಟದಿಂದ ದಿವಾಳಿಯಾಗದಿರಲು 20ರಿಂದ 40 ಬೈ-ಇನ್ ಬೇಕೆಂದು ಬಲ್ಲವರು ಹೇಳುತ್ತಾರೆ. ಮೂರು ಲಕ್ಷ ಅಂದರೆ 30. ಲೆಕ್ಕ ಕೂಡಿತಲ್ಲ ಅನ್ನಿಸಬಹುದು. ಆದರೆ ಆ 30ರಲ್ಲಿ ಬಾಡಿಗೆ, ಊಟ, ಬಸ್ ಚಾರ್ಜು ಸೇರಿಲ್ಲ. ತಿಂಗಳಿಗೆ 20,000 ರೂ. ಖರ್ಚಾದರೆ, ಗೆಲುವೂ ಇಲ್ಲ ಸೋಲೂ ಇಲ್ಲ ಎಂದಿಟ್ಟುಕೊಂಡರೂ 15 ತಿಂಗಳಿಗೆ ಬಂಡವಾಳ ಖಾಲಿ.

ಮೇಲೆ ರೇಕ್, ಅಂದರೆ ಪ್ರತಿ ಪಾಟ್‌ನಿಂದ (ಎಲ್ಲರೂ ಕಟ್ಟಿ ಒಟ್ಟಾದ ಹಣದಿಂದ) ಕ್ಯಾಸಿನೊದವರು ಎತ್ತುವ ಪಾಲು. ಅದು 5% ಇದ್ದು ಸರಾಸರಿ ಪಾಟ್ 2,000 ರೂ. ಇದ್ದರೆ ಒಂದು ಕೈಗೆ, ಅಂದರೆ ಒಂದು ಸುತ್ತಿಗೆ, 100 ರೂ. ಗಂಟೆಗೆ 30 ಕೈ ಆಡಿದರೆ 3,000 ರೂ. ಟೇಬಲ್ ಬಿಟ್ಟು ಹೋಯಿತು. ಒಂಬತ್ತು ಜನ ಕೂತಿದ್ದರೆ ತಲೆಗೆ 333 ರೂ. ಉಳಿದವರಷ್ಟೇ ಚೆನ್ನಾಗಿ ಆಡುವವನು ಗಂಟೆಗೆ ಅಷ್ಟು ಸೋಲುತ್ತಿರುತ್ತಾನೆ.

ತೆರಿಗೆ ಇದಕ್ಕಿಂತ ಕಠಿಣ. ಇಸ್ಪೀಟಿನ ಗೆಲುವಿಗೆ ನೇರ 30%, ಮೇಲೆ ಸೆಸ್. ಸೋತದ್ದನ್ನಾಗಲಿ ಖರ್ಚನ್ನಾಗಲಿ ಕಳೆಯಲು ಬರುವುದಿಲ್ಲ. ವರ್ಷದಲ್ಲಿ ಗೆದ್ದ ದಿನಗಳದ್ದು 10 ಲಕ್ಷ, ಸೋತ ದಿನಗಳದ್ದು 8 ಲಕ್ಷ ಆದರೆ ಕೈಯಲ್ಲಿ ಉಳಿದದ್ದು 2 ಲಕ್ಷ. ಕಟ್ಟಬೇಕಾದ ತೆರಿಗೆ 3 ಲಕ್ಷಕ್ಕೂ ಮೇಲೆ.

‘ನಾನು ಗೆಲ್ಲುತ್ತಲೇ ಇದ್ದೇನೆ’ ಅನ್ನಬಹುದು. ಗೆದ್ದ ದಿನದ ಸ್ಕ್ರೀನ್‌ಶಾಟ್ ಫೋನಿನಲ್ಲಿರುತ್ತದೆ, ಸೋತ ದಿನದ್ದು ಇರುವುದಿಲ್ಲ. 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ, ಹಾಕಿದ್ದು ಒಂದು ಕಡೆ, ತೆಗೆದದ್ದು ಒಂದು ಕಡೆ ಕೂಡಿಸಿ. ಒಳ್ಳೆಯ ಆಟಗಾರ 10,000 ಕೈಗಳಲ್ಲಿ 500 ಬಿಗ್ ಬ್ಲೈಂಡ್ (ದೊಡ್ಡ ಬ್ಲೈಂಡ್, ಮೇಲಿನ ಟೇಬಲ್‌ನಲ್ಲಿ 100 ರೂ.) ಗೆಲ್ಲುವ ತಾಕತ್ತಿನವನಾದರೂ, ಅದೃಷ್ಟದ ಏರಿಳಿತ 900ರಷ್ಟು ಈಚೆ ಆಚೆ ಎಳೆಯುತ್ತದೆ. ಹಾಗಾಗಿ ಎರಡು ಮೂರು ತಿಂಗಳ ಗೆಲುವು ಯಾವುದಕ್ಕೂ ಸಾಕ್ಷಿಯಲ್ಲ. ಟೇಬಲ್‌ನಲ್ಲಿ ಕೂತು 10,000 ಕೈ ಆಡಲಿಕ್ಕೇ 330 ಗಂಟೆಗೂ ಹೆಚ್ಚು ಬೇಕು.

ಇಷ್ಟಾದ ಮೇಲೂ ಹಟ ಬಿಡದಿದ್ದರೆ ಹೀಗೆ ಹೇಳಿ: ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಕೆಲಸ ಹಿಡಿ, ಸಂಬಳದಲ್ಲಿ ಉಳಿಸಿದ ರೊಕ್ಕದಲ್ಲಿ ಮಾತ್ರ ಆಡು, ದಿನಾಂಕ, ಎಷ್ಟು ಗಂಟೆ, ಕೂತಾಗ ಎಷ್ಟು, ಎದ್ದಾಗ ಎಷ್ಟು ಎಂದು ವಹಿಯಲ್ಲಿ ಬರೆ, ತಿಂಗಳಿಗೊಮ್ಮೆ ನಮಗೆ ತೋರಿಸು. 371(ಜೆ) ಮೀಸಲಾತಿ ಇರುವ ಜಿಲ್ಲೆಯ ಹುಡುಗ, ಸರ್ಕಾರಿ ನೇಮಕಾತಿಗೆ ವಯೋಮಿತಿ ಇರುತ್ತದೆ ಎಂಬುದನ್ನೂ ನೆನಪಿಸಿ. ಅವನ ಯಾವ ಸಾಲಕ್ಕೂ ಜಾಮೀನು ಸಹಿ ಹಾಕಬೇಡಿ. ಹಾಕದಿದ್ದರೆ ಪ್ರಾಯಕ್ಕೆ ಬಂದ ಮಗನ ಸಾಲಕ್ಕೆ ನೀವು ಹೊಣೆಯಲ್ಲ. ನಿಮ್ಮ ಯುಪಿಐ ಪಿನ್ ಅವನಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ.

ಸೋತದ್ದನ್ನು ಮರಳಿ ಗೆಲ್ಲಲು ಇನ್ನಷ್ಟು ಕಟ್ಟುವುದು, ಸುಳ್ಳು ಹೇಳುವುದು, ಗೆಳೆಯರ ಹತ್ತಿರ ಕೈಗಡ, ಆಡದಿದ್ದರೆ ಸಿಡಿಮಿಡಿ ಕಂಡರೆ ಅದು ಕಸುಬಿನ ಮಾತು ದಾಟಿ ಕಾಯಿಲೆಯಾಗಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅವನು ಒಪ್ಪದಿದ್ದರೆ ಮೊದಲು ನೀವೇ ಮಾತಾಡಿ.

ಪ್ರಶ್ನೆ: ಮಗ ಕ್ರಿಕೆಟ್ ಬೆಟ್ಟಿಂಗ್ ‘ಐಡಿ’ ಕೊಡ್ತಾನಂತ, ಕಮಿಷನ್ ಬರ್ತದಂತ. ನನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್ ಕೇಳ್ಯಾನ. ಕೊಡಬಹುದೇನ್ರಿ?
– ಒಬ್ಬ ತಂದೆ, ಭಾಲ್ಕಿ

ಉತ್ತರ: ಬೇಡ, ಒಂದು ದಿನಕ್ಕೂ ಬೇಡ. ಕ್ರಿಕೆಟ್ ಬೆಟ್ಟಿಂಗ್ ಅಪರಾಧ. ಅಂಥ ಖಾತೆಗೆ ಮೋಸ ಹೋದವರ ಹಣವೂ ಬಂದು ಬೀಳುತ್ತದೆ. ಅವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಬೇರೆ ರಾಜ್ಯದ ಪೊಲೀಸರು ಕೂಡ ಖಾತೆ ತಡೆಹಿಡಿಸಬಹುದು. ಬೆಳೆ ಪರಿಹಾರ, ಪಿಂಚಣಿ ಯಾವುದನ್ನೂ ತೆಗೆಯಲಾಗದು, ವಿಚಾರಣೆಗೆ ಹೋಗಬೇಕಾದವರು ನೀವು. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಕಾರ್ಡ್ ಬ್ಲಾಕ್ ಮಾಡಿಸಿ, ಖಾತೆಗೆ ಸೇರಿದ ಮೊಬೈಲ್ ನಂಬರ್ ನಿಮ್ಮದೇ ಇದೆಯಾ ನೋಡಿ, ಸ್ಟೇಟ್‌ಮೆಂಟ್ ತೆಗೆಸಿಕೊಳ್ಳಿ. ಅದರಲ್ಲಿ ಗುರುತಿಲ್ಲದ ಜಮೆ ಕಂಡರೆ ಮುಟ್ಟದೆ, ವಕೀಲರನ್ನು ಕೇಳಿ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.