ಮಿನುಗುವ ಅಕ್ಷರಗಳು: ಗೇಲಿಯೋ, ಗೌರವವೋ?

ಪ್ರಶ್ನೆ: 2001ರ ಸುಮಾರಿಗೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಾನೊಂದು ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದೆ. ಆಗ ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಗೆ ಒಂದು ವೆಬ್ ಪುಟ ಮಾಡಿಕೊಟ್ಟಿದ್ದೆ. ಕಡುನೀಲಿ ಹಿನ್ನೆಲೆ, ಹಳದಿ ಅಕ್ಷರ, ಎರಡೂ ಬದಿಯಲ್ಲಿ ಉರಿಯುವ ದೀಪ, ಕೆಳಗೆ ಓಡುವ ಸಾಲು ಅದರಲ್ಲಿದ್ದವು. ಚಿತ್ರಕಲೆ ಓದುತ್ತಿರುವ ನನ್ನ ಮಗಳು ಈಗ ಅಂಥದ್ದೇ ಪುಟಗಳನ್ನು ಬೇಕೆಂದೇ ಮಾಡಿ ಕಲೆ ಎನ್ನುತ್ತಾಳೆ. ಅವಳ ಗೆಳೆಯರು ನೋಡಿ ನಗುತ್ತಾರೆ. ನಮ್ಮಂಥವರು ಅರಿಯದೆ ಮಾಡಿದ ಕೆಲಸವನ್ನು ಗೇಲಿ ಮಾಡುವುದು ಕಲೆ ಹೇಗಾದೀತು?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಬೇಸರ ಸಹಜವಾದದ್ದು. ಆದರೆ ಅದನ್ನು ಅರಿಯದೆ ಮಾಡಿದ ಕೆಲಸವೆಂದು ನೀವೇ ಕರೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಆ ಕಾಲದ ಪುಟಗಳ ಅಬ್ಬರಕ್ಕೆ ಕಾರಣಗಳಿದ್ದವು. ಫೋನ್ ತಂತಿಯ ಮೂಲಕ ಸೆಕೆಂಡಿಗೆ 28,800 ಬಿಟ್ ತರುವ ಮೋಡೆಮ್‌ನಲ್ಲಿ 100 ಕಿಲೋಬೈಟ್‌ನ ಒಂದು ಛಾಯಾಚಿತ್ರ ತೆರೆದುಕೊಳ್ಳಲು ಹೆಚ್ಚುಕಡಿಮೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಎರಡು ಕಿಲೋಬೈಟ್‌ನ ಪುಟ್ಟ ಚೌಕವಾದರೆ ಸೆಕೆಂಡಿನೊಳಗೆ ಬಂದುಬಿಡುತ್ತಿತ್ತು, ಬ್ರೌಸರ್ ಅದನ್ನೇ ನೆಲಕ್ಕೆ ಹೆಂಚು ಜೋಡಿಸಿದಂತೆ ಪುಟದ ತುಂಬ ಹಾಸುತ್ತಿತ್ತು. ಆಗ ಎಲ್ಲೆಲ್ಲೂ ಕಾಣುತ್ತಿದ್ದ ನಕ್ಷತ್ರಗಳ ಹಿನ್ನೆಲೆ ಹೀಗೆ ಬಂದದ್ದು. ಬಣ್ಣಗಳ ಕಥೆಯೂ ಅಷ್ಟೇ. ಅನೇಕ ಕಂಪ್ಯೂಟರ್‌ಗಳ ತೆರೆ ಒಮ್ಮೆಗೆ 256 ಬಣ್ಣಗಳನ್ನಷ್ಟೇ ತೋರಿಸುತ್ತಿದ್ದುದರಿಂದ, ಎಲ್ಲ ಯಂತ್ರಗಳಲ್ಲೂ ಒಂದೇ ಬಗೆಯಲ್ಲಿ ಕಾಣಲೆಂದು ಕೆಂಪು, ಹಸಿರು, ನೀಲಿಗಳ ತಲಾ ಆರು ಮಟ್ಟಗಳನ್ನು ಬೆರೆಸಿ 216 ಬಣ್ಣಗಳ ಪಟ್ಟಿಯೊಂದನ್ನು ಮಾಡಿಕೊಳ್ಳಲಾಗಿತ್ತು. ಒಂದು ಮಟ್ಟಕ್ಕೂ ಇನ್ನೊಂದಕ್ಕೂ ಅಂತರ ದೊಡ್ಡದು. ಹಾಗಾಗಿ ತಿಳಿಬಣ್ಣಗಳ ಸೂಕ್ಷ್ಮ ಛಾಯೆಗಳಿಗೆ ಅಲ್ಲಿ ಎಡೆಯೇ ಕಡಿಮೆಯಿತ್ತು. ಅಕ್ಷರವನ್ನು ಮಿನುಗಿಸುವ ಆಜ್ಞೆಯನ್ನು ನೆಟ್‌ಸ್ಕೇಪ್, ಸಾಲನ್ನು ಓಡಿಸುವ ಆಜ್ಞೆಯನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ಅಂದಿನ ಬ್ರೌಸರ್‌ಗಳು ತಂದಿದ್ದವು. ನಿಮ್ಮ ದೀಪ ಉರಿಯುತ್ತಿದ್ದದ್ದು ಬಹುಶಃ ಚಲಿಸುವ ಪುಟ್ಟ ಚಿತ್ರವನ್ನು ಹಿಡಿದಿಡುವ ಜಿಫ್ ಕಡತವೊಂದರಲ್ಲಿ. 1987ರಲ್ಲಿ ಕಂಪ್ಯೂಸರ್ವ್ ಸಂಸ್ಥೆ ರೂಪಿಸಿದ ಈ ಬಗೆಯ ಕಡತ, ಪ್ರತಿ ಚೌಕಟ್ಟಿಗೂ ಹೆಚ್ಚೆಂದರೆ 256 ಬಣ್ಣಗಳನ್ನು ಇಟ್ಟುಕೊಳ್ಳಬಲ್ಲದು. ಇಷ್ಟು ಇಕ್ಕಟ್ಟಿನೊಳಗೆ ಹಬ್ಬದ ಸಡಗರವನ್ನು ತೋರಿಸಿದವರು ನೀವು.

ಈ ಶೈಲಿಯನ್ನು ಕಲೆಯ ಕಣ್ಣಿನಿಂದ ನೋಡಿದವರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಕಲಾವಿದೆ ಓಲಿಯಾ ಲಿಯಾಲಿನಾ ಮುಖ್ಯರು. ತಾರೆಗಳ ಹಿನ್ನೆಲೆ, ‘ಕೆಲಸ ನಡೆಯುತ್ತಿದೆ’ ಎಂಬ ಫಲಕ, ಸ್ವಾಗತದ ಸಾಲು ಮುಂತಾದವುಗಳನ್ನು ಸಾಮಾನ್ಯ ಜನರ ಕೈಯಲ್ಲಿ ಬೆಳೆದ ಶೈಲಿಯೆಂದು ಗುರುತಿಸಿ ಅವರು 2005ರಲ್ಲಿ ಪ್ರಬಂಧ ಬರೆದರು. 1994ರಲ್ಲಿ ಶುರುವಾಗಿ, ಜನರಿಗೆ ಉಚಿತವಾಗಿ ಪುಟ ಕಟ್ಟಿಕೊಳ್ಳಲು ಜಾಗ ಕೊಟ್ಟಿದ್ದ ಜಿಯೋಸಿಟೀಸ್ ಅನ್ನು 1999ರಲ್ಲಿ ಯಾಹೂ ಕೊಂಡು, 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಮುಚ್ಚುವ ಮೊದಲು ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಕೈಗೆ ಸಿಕ್ಕಷ್ಟನ್ನು ನಕಲು ಮಾಡಿ ಉಳಿಸಿತು. ಆ ರಾಶಿಯಿಂದ ಲಿಯಾಲಿನಾ ಮತ್ತು ಕಲಾವಿದ ಡ್ರಾಗಾನ್ ಎಸ್ಪೆನ್‌ಶೀಡ್ ಪುಟಗಳನ್ನು ಒಂದೊಂದಾಗಿ, ಅಂದಿನ ಬ್ರೌಸರ್‌ನಲ್ಲಿ ಕಾಣುತ್ತಿದ್ದ ರೂಪದಲ್ಲೇ ಚಿತ್ರವಾಗಿಸಿ ಲೋಕದ ಮುಂದೆ ಇಡುತ್ತ ಬಂದಿದ್ದಾರೆ. ನನಗೆ ಈ ಕೆಲಸದ ಮೇಲೆ ಬಹಳ ಗೌರವವಿದೆ. ನಾಯಿಯ ನೆನಪಿಗೋ ಮಗುವಿನ ಹುಟ್ಟುಹಬ್ಬಕ್ಕೋ ಯಾರೋ ಕಟ್ಟಿದ ಪುಟವನ್ನು ತಿದ್ದದೆ, ಅಲಂಕರಿಸದೆ ತೋರಿಸುವುದರಲ್ಲಿ ಗೇಲಿಯ ಸುಳಿವೂ ಇಲ್ಲ.

ಇನ್ನೊಂದು ಬಗೆಯ ಕಲಾವಿದರೂ ಇದ್ದಾರೆ. ಜೋಡಿ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಯೋನ್ ಹೇಮ್ಸ್‌ಕರ್ಕ್ ಮತ್ತು ಡಿರ್ಕ್ ಪೇಸ್‌ಮನ್ಸ್ 1995ರಲ್ಲಿ ಮಾಡಿದ ಪುಟದಲ್ಲಿ ಕಪ್ಪು ತೆರೆಯ ಮೇಲೆ ಹಸಿರು ಚಿಹ್ನೆಗಳು ಅರ್ಥವಿಲ್ಲದಂತೆ ಮಿನುಗುತ್ತವೆ. ಪುಟ ಕೆಟ್ಟಿದೆ ಎಂದೇ ಯಾರಿಗಾದರೂ ಅನ್ನಿಸಬೇಕು. ಆದರೆ ಅದರ ಮೂಲ ಸಂಕೇತವನ್ನು, ಅಂದರೆ ಪುಟದ ಹಿಂದಿರುವ ಬರಹವನ್ನು, ತೆರೆದು ನೋಡಿದರೆ, ಅವೇ ಗೀಟು ಚುಕ್ಕಿಗಳು ಒಪ್ಪವಾಗಿ ಜೋಡಣೆಗೊಂಡು ಹೈಡ್ರೋಜನ್ ಬಾಂಬಿನ ನಕ್ಷೆಯಾಗಿ ನಿಂತಿರುತ್ತವೆ. ಇಲ್ಲಿ ನೋಡುಗನನ್ನು ಕೆಣಕುವುದು ನಿಜ, ಆದರೆ ಕೆಣಕುವಿಕೆಯ ಗುರಿ ಹಳೆಯ ಪುಟ ಕಟ್ಟಿದವನಲ್ಲ. ಮೇಲ್ಮೈಯನ್ನಷ್ಟೇ ನಂಬಿ ಹೊರಟುಹೋಗುವ ನಮ್ಮ ಅಭ್ಯಾಸ.

2010ರ ದಶಕದ ಮೊದಲ ವರ್ಷಗಳಲ್ಲಿ ಹಬ್ಬಿದ ವೇಪರ್‌ವೇವ್ ಶೈಲಿಯ ಬಗ್ಗೆ ನನಗೆ ಇಷ್ಟು ಮೆಚ್ಚುಗೆಯಿಲ್ಲ. ಗುಲಾಬಿ ಬಣ್ಣದ ಆಕಾಶ, ಅಮೃತಶಿಲೆಯ ತಲೆ, ಚದುರಂಗದ ನೆಲ, ವಿಂಡೋಸ್ 95ರ ಕಿಟಕಿಗಳನ್ನು ಮೊದಲು ಕೂಡಿಸಿದವರಿಗೆ, ಗ್ರಾಹಕ ಲೋಕ ಕೊಟ್ಟು ಉಳಿಸಿಕೊಳ್ಳದ ಭರವಸೆಗಳ ಕುರಿತು ಹೇಳಲು ಏನೋ ಇತ್ತು. ಆಮೇಲೆ ಅದು ಅಂಗಿಯ ಮೇಲಿನ ಅಚ್ಚಾಯಿತು.

ಆದ್ದರಿಂದ ಮಗಳ ಜೊತೆ ಕೂತು ಅವಳ ಪುಟದ ಮೂಲ ಸಂಕೇತವನ್ನು ತೋರಿಸಲು ಹೇಳಿ. ಹಿನ್ನೆಲೆಯ ಚೌಕವನ್ನು ಅವಳೇ ಬರೆದಿದ್ದಾಳೆಯೇ, ಅದರ ಅಂಚುಗಳು ಕೂಡುವಲ್ಲಿ ಗೆರೆ ಕಾಣದಂತೆ ಎಚ್ಚರ ವಹಿಸಿದ್ದಾಳೆಯೇ, ಆ ಬಣ್ಣವೇ ಏಕೆ ಎಂದರೆ ಉತ್ತರ ಕೊಡುತ್ತಾಳೆಯೇ ಎಂದು ನೋಡಿ. ಉತ್ತರವಿದ್ದರೆ ಅವಳು ನಿಮ್ಮ ಕಾಲದ ಕಸುಬನ್ನು ಕಲಿಯುತ್ತಿದ್ದಾಳೆ, ಗೆಳೆಯರು ನಕ್ಕರೆ ನಗಲಿ. ಯಾವುದೋ ಆ್ಯಪ್‌ನ ಸಿದ್ಧ ಮಾದರಿಗೆ ಹೆಸರು ತುಂಬಿದ್ದಷ್ಟೇ ಆಗಿದ್ದರೆ ನಿಮ್ಮ ಆಕ್ಷೇಪಣೆ ಸರಿ. ಗಣೇಶೋತ್ಸವದ ಪುಟದ ಕಡತ ಹಳೆಯ ಸಿ.ಡಿ.ಯಲ್ಲಿ ಉಳಿದಿದ್ದರೆ ದಯವಿಟ್ಟು ಅವಳಿಗೆ ಕೊಡಿ, ಇನ್ನೊಂದು ಪ್ರತಿಯನ್ನೂ ತೆಗೆದಿಡಿ. ಜಿಲ್ಲಾ ಕೇಂದ್ರಗಳಲ್ಲಿ ಹೀಗೆ ಕಟ್ಟಿದ ಪುಟಗಳು ಹೇಳಹೆಸರಿಲ್ಲದೆ ಅಳಿಯಬಾರದು.

ಪ್ರಶ್ನೆ: ಇಂಥ ಕಲೆಗೆ ಕನ್ನಡದ್ದೇ ಆದ ಸಾಮಗ್ರಿ ಏನಾದರೂ ಇದೆಯೇ?
– ಪದವಿ ವಿದ್ಯಾರ್ಥಿನಿ, ಕೋಲಾರ

ಉತ್ತರ: ಇದೆ, ಅದನ್ನು ಇನ್ನೂ ಯಾರೂ ಸಾಕಷ್ಟು ಬಳಸಿಕೊಂಡಿಲ್ಲವೆಂಬುದು ನನ್ನ ಅನಿಸಿಕೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದ ‘ಕನ್ನಡ’ ಎಂಬ ಪದವು ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯು, ಮತ್ತೆ ಎ ಎಂದು ಸಾಲಾಗಿ ಕಾಣುತ್ತದೆ. ತಾಲ್ಲೂಕು ಕಚೇರಿಯಲ್ಲೋ ಡಿ.ಟಿ.ಪಿ. ಅಂಗಡಿಯಲ್ಲೋ ಇದನ್ನು ಕಂಡು ಕಂಗಾಲಾಗದವರು ವಿರಳ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯುನಿಕೋಡ್‌ನ ಕನ್ನಡ ಫಾಂಟ್ ತುಂಗಾ ಬಂದ ಮೇಲೂ ಈ ತೊಡಕು ಬಹಳ ವರ್ಷ ಮುಂದುವರಿಯಿತು. ಪಾಶ್ಚಾತ್ಯರ ಹೊಳೆಯುವ ತಲೆಬುರುಡೆಗಳನ್ನು ಎರವಲು ತರುವ ಬದಲು ಈ ಒಡೆದ ಅಕ್ಷರಗಳನ್ನೇ ಹಿಡಿದುಕೊಳ್ಳಿ. ನಿಮ್ಮೂರಿನ ಓದುಗರಿಗೆ ಅದು ಕೂಡಲೇ ತಾಕುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳು ಮಿನುಗುವ ಪುಟಗಳನ್ನು ಮಾಡಿದ್ದಾರೆ. ಪೋಷಕರೊಬ್ಬರು ಇದು ಅಪಾಯ ಎನ್ನುತ್ತಿದ್ದಾರೆ. ನಿಜವೇ?
– ಶಿಕ್ಷಕರು, ಚಿಕ್ಕಬಳ್ಳಾಪುರ

ಉತ್ತರ: ಅವರ ಮಾತಿನಲ್ಲಿ ಹುರುಳಿದೆ. ಬೆಳಕು ಬೇಗಬೇಗ ಹೊತ್ತಿ ಆರಿದರೆ ಕೆಲವರಿಗೆ ಮೂರ್ಛೆ ಬರಬಹುದು. ಕಡುಗೆಂಪಿನ ಮಿನುಗು ಇನ್ನಷ್ಟು ಅಪಾಯಕಾರಿ. 2008ರ ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿಯು ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಏನೂ ಮಿಂಚಬಾರದೆಂದು ಹೇಳುತ್ತದೆ. ಮಿನುಗಿಸುವ ಹಳೆಯ ಆಜ್ಞೆಯನ್ನು ಫೈರ್‌ಫಾಕ್ಸ್ 2013ರಲ್ಲಿ ಕೈಬಿಟ್ಟಿತಾದ್ದರಿಂದ ಮಕ್ಕಳು ಬೇರೆ ವಿಧಾನ ಬಳಸಿರಬೇಕು. ಹಾಗಿದ್ದರೆ ವೇಗವನ್ನು ಸೆಕೆಂಡಿಗೆ ಒಂದು ಸಲಕ್ಕೆ ಇಳಿಸುವುದು ಸುಲಭ. ಮಿನುಗನ್ನು ನಿಲ್ಲಿಸುವ ಗುಂಡಿಯೊಂದನ್ನು ಪ್ರತಿ ಪುಟದಲ್ಲೂ ಇಡಿಸಿ, ಎಚ್ಚರಿಕೆಯ ಫಲಕವನ್ನು ಕೋಣೆಯ ಬಾಗಿಲ ಹೊರಗೇ ಹಾಕಿಸಿ.